ಮಸಿ ಕೂರುವಷ್ಟು ಹೊತ್ತು

ಕುಸನೂರ, ಕಲಬುರಗಿ
೨೧ ಫೆಬ್ರವರಿ ೧೯೯೬

ಕಮಲಾಪುರದಲ್ಲಿರುವ ಅಪ್ಪನಿಗೆ ನಮಸ್ಕಾರ.

"ಜೀವನಪೂರ್ತಿ ಮಸಿಗೈ ಮಾಡ್ಕೊಂಡು ನಾ ಕೂಡಂಗಿಲ್ಲ" ಎಂದು ನಿಮ್ಮ ಲಗ್ನಪತ್ರಿಕೆ ಅಚ್ಚಿನ ಅಂಗಡಿ ಬಿಟ್ಟು ಬಂದವಳು ನಾನು. ಇಲ್ಲಿ ಪ್ರಯೋಗಾಲಯದಲ್ಲಿ ಎರಡು ವರ್ಷದಿಂದ ಮಾಡುತ್ತಿರುವುದೂ ಸ್ಕ್ರೀನ್ ಪ್ರಿಂಟಿಂಗೇ. ಇದನ್ನು ನಿಮಗೆ ಬರೆಯಲು ಇಷ್ಟು ದಿನ ನಾಚಿಕೆಯಾಯಿತು.

ಲಗ್ನಪತ್ರಿಕೆಯ ಜಾಗದಲ್ಲಿ ಪಿಂಗಾಣಿ ಬಿಲ್ಲೆ, ಮಸಿಯ ಜಾಗದಲ್ಲಿ ಎಣ್ಣೆಯಲ್ಲಿ ಕಲಸಿದ ಒಂದು ಪುಡಿ. ಅದನ್ನು ಎರಡು ಬೆಳ್ಳಿ ಪದರಗಳ ನಡುವೆ ಅಚ್ಚು ಹಾಕಿ, ಕುಲುಮೆಯಲ್ಲಿ ಸುಟ್ಟು, ಆಮೇಲೆ ಹೆಚ್ಚಿನ ವೋಲ್ಟೇಜ್ ಕೊಟ್ಟು ಪಳಗಿಸಿದರೆ, ಬೆರಳಿನಿಂದ ಒತ್ತಿದಾಗ ಕರೆಂಟು ಹುಟ್ಟಬೇಕು. ನನ್ನ ಬಿಲ್ಲೆಗಳಲ್ಲಿ ಹುಟ್ಟುತ್ತಿರಲಿಲ್ಲ. ಸ್ಕ್ರೀನಿನ ಜಾಳಿಗೆಯ ಎಳೆಗಳ ಗುರುತು ಸಣ್ಣ ತೂತುಗಳಾಗಿ ಉಳಿದು, ಮೇಲಿನ ಬೆಳ್ಳಿ ಕೆಳಗಿಳಿದು ಶಾರ್ಟ್ ಆಗುತ್ತಿತ್ತು.

ಹೋದ ವಾರ ನೀವು ನೆನಪಾದಿರಿ. ಅಚ್ಚಾದ ಪತ್ರಿಕೆಗಳನ್ನು ನೀವು ತಕ್ಷಣ ಬಿಸಿಲಿಗಿಡುತ್ತಿರಲಿಲ್ಲ. "ಈಗಷ್ಟೇ ಜಾಳಿಗಿ ದಾಟಿ ಬಂದದ, ಮಸಿಗೂ ಸ್ವಲ್ಪ ಕೂಡಾಕ ಬಿಡವ್ವ" ಎಂದು ಎಲೆಅಡಿಕೆ ಹಾಕಿಕೊಳ್ಳುತ್ತಿದ್ದಿರಿ. ಅದು ಎಲೆಅಡಿಕೆಗೊಂದು ನೆಪ ಎಂದುಕೊಂಡಿದ್ದೆ. ಈ ಸಲ ಬಿಲ್ಲೆಗಳನ್ನು ಒಣಗಲು ಇಡುವ ಮೊದಲು ಅಷ್ಟು ಹೊತ್ತು ಸುಮ್ಮನೆ ಬಿಟ್ಟೆ. ತೂತುಗಳು ತಾವೇ ಮುಚ್ಚಿಕೊಂಡವು. ನಿನ್ನೆ ಒತ್ತಿದೆ; ಮೀಟರಿನ ಮುಳ್ಳು ಅಲುಗಿತು.

ನಮ್ಮ ಚೌಕಟ್ಟಿನ ಜಾಳಿಗೆ ಸಡಿಲಾಗಿದೆ. ನಿಮ್ಮಂತೆ ಎಳೆದು ಕಟ್ಟುವವರು ಇಲ್ಲಿಲ್ಲ. ಸೋಮವಾರ ಬೆಳಗಿನ ಬಸ್ಸಿಗೆ ಬರುತ್ತೀರಾ? ಮಸಿ ಎಳೆಯುವ ನಿಮ್ಮ ರಬ್ಬರ್ ಪಟ್ಟಿಯನ್ನೂ ತನ್ನಿ. ಎಲೆಅಡಿಕೆಯ ಚೀಲ ಮರೆಯಬೇಡಿ. ನಮ್ಮ ಪ್ರಯೋಗಾಲಯದ ಸರ್ ಕೇಳಿದರೆ ಅದೂ ಕೆಲಸದ ಸಾಮಾನೇ ಎಂದು ಹೇಳುತ್ತೇನೆ.

ನಿಮ್ಮ ಮಸಿಗೈ ಮಗಳು,
ಭಾಗ್ಯವಂತಿ