ಬಾಯಿ ತುಂಬ ಗುಂಡುಸೂಜಿ

ಸೋಮವಾರ, ಬೆಳಗಿನ ಕಾಫಿ ಆದ ಮೇಲೆ

ಮನೆ ಬಿಟ್ಟು ತಮ್ಮನ ಊರು ಸೇರಿರುವ ನಮ್ಮ ಮನೆಯವರಿಗೆ, ಮನೆಯಿಂದ ನಮಸ್ಕಾರ.

ಈ ಕಾಗದವನ್ನು ಕೂತುಕೊಂಡು ಓದಿ. ನಿಂತು ಓದುವಂಥದ್ದಲ್ಲ. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಎಲ್ಲರೂ ಅಂದರೆ ನಾನು, ನನ್ನ ಹೊಲಿಗೆ ಮಿಷನ್ನು, ನೀವು ಅರ್ಧ ಬಿಚ್ಚಿಟ್ಟು ಹೋದ ಪಕ್ಕದ ಮನೆಯವರ ರೇಡಿಯೊ. ವಿಷಯ ಏನೆಂದರೆ, ನಿನ್ನೆ ನಾನು ಪೋಕರ್ ಆಡಿದೆ. ನಾನೇ. ನಿಮ್ಮ ಕುರ್ಚಿಯಲ್ಲಿ ಕೂತು, ನಿಮ್ಮ ಸ್ನೇಹಿತರ ಜೊತೆ. ಗೆದ್ದೆನೋ ಸೋತೆನೋ ಅಂತ ಕೊನೆಯ ಪುಟ ತಿರುಗಿಸಬೇಡಿ. ನಿಮ್ಮ ಬುದ್ಧಿ ನನಗೆ ಗೊತ್ತು.

ಹೋದ ವಾರ ಬಡಗಿ, ಔಷಧಿ ಅಂಗಡಿಯವರು, ಡ್ರಾಯಿಂಗ್ ಮೇಷ್ಟ್ರು ಮೂವರೂ ಒಟ್ಟಿಗೆ ಬಂದರು. ಜೊತೆಗೆ ನನಗೆ ಪರಿಚಯವಿಲ್ಲದ ಒಬ್ಬ ಬಸ್ ಕಂಡಕ್ಟರ್. ಚಪ್ಪಲಿ ಬಿಡುವಾಗಲೇ ಮುಖಮುಖ ನೋಡಿಕೊಳ್ಳುತ್ತಿದ್ದರು. ಆಮೇಲೆ ಬಡಗಿ ತಲೆ ಕೆರೆದುಕೊಂಡು, "ಅತ್ತಿಗೆ, ಅಣ್ಣ ಹೋದ್ಮೇಲೆ ಆಟ ನಿಂತುಹೋಗಿದೆ. ಇನ್ಮೇಲೆ ಅಣ್ಣನ ಜಾಗದಲ್ಲಿ ಇವರು. ಆಟ ಇವರ ಮನೇಲಿ. ಆ ಮೇಜು, ಕುರ್ಚಿ ತಗೊಂಡು ಹೋಗ್ಲಾ?" ಅಂದ. ಅವನೇ ಮಾಡಿದ ಮೇಜು, ಕೇಳುವ ಹಕ್ಕು ಅವನಿಗಿತ್ತು. ಕಂಡಕ್ಟರ್ ಆಗಲೇ ಮೇಜಿನ ಅಗಲವನ್ನೂ ನಮ್ಮ ಬಾಗಿಲಿನ ಅಗಲವನ್ನೂ ಕಣ್ಣಲ್ಲೇ ಅಳೆಯುತ್ತಿದ್ದರು.

ನನಗೆ ಅದೇನಾಯಿತೋ. ಆ ಮೇಜು ಹೊಸ್ತಿಲು ದಾಟಿದರೆ ನೀವು ತಿರುಗಿ ಬರಲು ಈ ಮನೆಯಲ್ಲಿ ಏನುಳಿಯುತ್ತದೆ ಅನ್ನಿಸಿತು. ನಾನಂತೂ ಸಾಕಾಗಲಿಲ್ಲವಲ್ಲ. ಬಾಯಿಂದ ಬಂದದ್ದು ಮಾತ್ರ ಬೇರೆ. "ಮೇಜು ಬೇಕಾದ್ರೆ ಗೆದ್ದು ತಗೊಂಡು ಹೋಗಿ. ವರ್ಷಕ್ಕೊಮ್ಮೆ ನಡೆಯೋ ಪಂದ್ಯ ಈ ಸಲವೂ ಇಲ್ಲೇ. ಅವರ ಕುರ್ಚೀಲಿ ನಾನು ಕೂತ್ಕೋತೀನಿ. ನಾನು ಗೆದ್ರೆ ಇನ್ನೊಂದ್ಸಲ ಕೇಳ್ಬಾರದು" ಅಂದುಬಿಟ್ಟೆ.

ಮೇಷ್ಟ್ರು ನಕ್ಕರು. "ಟೈಲರಮ್ಮ, ಇದು ರವಿಕೆ ಕತ್ತರಿಸಿದ ಹಾಗಲ್ಲ" ಅಂದರು. ನಾನಂದೆ, "ಮೇಷ್ಟ್ರೇ, ನಿಮ್ಮ ಪ್ಯಾಂಟಿನ ಸೊಂಟ ಎಷ್ಟು ಸಲ ಬಿಚ್ಚಿ ಹೊಲಿದಿದ್ದೀನಿ ಅಂತ ಇಲ್ಲೇ ಹೇಳ್ಲಾ?" ಭಾನುವಾರ ಆಟ ಅಂತ ಒಪ್ಪಿ ನಾಲ್ವರೂ ಹೊರಟರು.

ನಿನ್ನೆ ಮಧ್ಯಾಹ್ನ ಊಟ ಮುಗಿಸಿ ಬಂದರು. ಎಲ್ಲ ನೀವು ಆಡುವ ಹಾಗೇ. ಕೈಗೆ ಎರಡೆರಡು ಎಲೆ, ಮೇಜಿನ ನಡುವೆ ಎಲ್ಲರಿಗೂ ಸೇರಿದ ಐದು ಎಲೆ. ಹಣ ಮುಟ್ಟುವಂತಿಲ್ಲ, ನನ್ನ ಡಬ್ಬಿಯ ಗುಂಡಿಗಳೇ ಹಣ. ದೊಡ್ಡದು ಕೋಟಿನ ಗುಂಡಿ, ಚಿಲ್ಲರೆ ಅಂಗಿಯ ಗುಂಡಿ. ಎಲೆ ಕೆಳಗಿಟ್ಟರೆ ಹಾಕಿದ ಗುಂಡಿ ಹೋದಂತೆ, ಖಾಲಿಯಾದವರು ಏಳಬೇಕು. ಕಂಡಕ್ಟರಿಗೆ ನನ್ನ ಹೊಲಿಗೆ ಸ್ಟೂಲು ಕೊಟ್ಟೆ.

ಇಷ್ಟು ವರ್ಷ ಅಡುಗೆಮನೆ ಬಾಗಿಲಲ್ಲಿ ಟೀ ಹಿಡಿದು ನಿಂತು ಇವರನ್ನೆಲ್ಲ ನೋಡಿದವಳು ನಾನು, ನನಗೆ ಗೊತ್ತಿಲ್ಲದ್ದು ಏನಿದೆ ಅಂದುಕೊಂಡಿದ್ದೆ. ಆದರೆ ನೋಡಿದ್ದೆಲ್ಲ ಹಿಂದಿನಿಂದ. ಇವರ ಕತ್ತು, ಬೆನ್ನು, ಹಿಮ್ಮಡಿ ಎಲ್ಲ ಬಾಯಿಪಾಠ. ಎದುರಿಗೆ ಕೂತರೆ ಮೂವರೂ ಅಪರಿಚಿತರ ಹಾಗೆ ಕಂಡರು. ನೋಡನೋಡುತ್ತ ನನ್ನ ಅರ್ಧ ಗುಂಡಿ ಹೋಯಿತು.

ಬುದ್ಧಿ ಓಡಿದ್ದು ಕಾಲಿನಿಂದ. ಔಷಧಿ ಅಂಗಡಿಯವರು ಬರಿಗೈಯಲ್ಲಿ ಆಟ ಏರಿಸುವಾಗ ಓಡಿಹೋಗುವವರ ಹಾಗೆ ಹಿಮ್ಮಡಿ ಎತ್ತಿ, ಪಾದವನ್ನು ಬೆರಳ ತುದಿಯಲ್ಲಿ ನಿಲ್ಲಿಸುತ್ತಾರೆ. ಆಗ ಅವರ ಮೊಣಕಾಲು ಮೇಜಿಗೆ ತಾಗಿ ನನ್ನ ಗುಂಡಿಗಳು ಸಣ್ಣಗೆ ನಡುಗಿದವು. ನಾನು ಇದ್ದಷ್ಟನ್ನೂ ಮುಂದಕ್ಕೆ ತಳ್ಳಿದೆ. ಅವರ ಹತ್ತಿರ ಏನೂ ಇರಲಿಲ್ಲ. ಬಡಗಿಯದು ಇನ್ನೂ ಸುಲಭ. ಒಳ್ಳೆ ಎಲೆ ಬಂದರೆ ಅವನ ಕಿವಿ ಕೆಂಪಾಗುತ್ತದೆ. ಕಿಟಕಿಗೆ ಬೆನ್ನು ಹಾಕಿ ಕೂತಿದ್ದ, ಹಿಂದಿನ ಬಿಸಿಲಿಗೆ ಎರಡೂ ಕಿವಿ ದೀಪದ ಹಾಗೆ ಉರಿದವು. ಅವು ಉರಿದಾಗ ನಾನು ಎಲೆ ಕೆಳಗಿಟ್ಟೆ, ಆರಿದಾಗ ಹಿಂಡಿದೆ. "ಅತ್ತಿಗೆ, ನೀವೇನು ಮಾಟ ಮಾಡಿಸಿದ್ದೀರಾ?" ಅಂತ ಗೊಣಗುತ್ತ ಎದ್ದ. ಮೇಷ್ಟ್ರನ್ನು ಅಷ್ಟು ಹೊತ್ತಿಗೆ ಕಂಡಕ್ಟರೇ ಮುಗಿಸಿದ್ದರು.

ಉಳಿದದ್ದು ನಾವಿಬ್ಬರೇ. ಆ ಮನುಷ್ಯನನ್ನು ನಾನು ಹಿಂದಿನಿಂದಲೂ ನೋಡಿದವಳಲ್ಲ. ಮೇಲಾಗಿ ಅವರು ಹೇಳಿದರು, "ಅಮ್ಮಾ, ತುಂಬಿದ ಬಸ್ಸಲ್ಲಿ ಟಿಕೆಟ್ ಇಲ್ಲದವರನ್ನ ಮುಖ ನೋಡೇ ಹಿಡೀತೀನಿ. ನಿಮ್ಮ ಮುಖ ಓದೋಕೆ ಕನ್ನಡಕವೂ ಬೇಡ." ಹೇಳಿದ ಹಾಗೇ ಮಾಡಿದರು. ನನಗೆ ಜೋಡಿ ಬಂದಾಗಲೆಲ್ಲ ಹಿಂದೆ ಸರಿದರು, ಏನೂ ಬಾರದಾಗ ಮೇಲೆ ಬಿದ್ದರು.

ಆಗ ತಲೆ ಎತ್ತಿ ಎದುರಿಗೆ ನೋಡಿದೆ. ನಿಮ್ಮ ಕುರ್ಚಿಯಿಂದ ನೇರ ಕಾಣುವುದು ಅಡುಗೆಮನೆ ಬಾಗಿಲು. ನಾನು ನಿಲ್ಲುತ್ತಿದ್ದ ಜಾಗ. ಎಲ್ಲರ ಬೆನ್ನ ಹಿಂದೆ, ಎಲ್ಲರ ಎಲೆ ಕಾಣುವ ಹಾಗೆ. ಅಯ್ಯೋ ಪುಣ್ಯಾತ್ಮರೇ, ನೀವು ವರ್ಷ ವರ್ಷ ಹೇಗೆ ಗೆಲ್ಲುತ್ತಿದ್ದಿರಿ ಅಂತ ಈಗ ಗೊತ್ತಾಯಿತು. ಅವರ ಕೈಯಲ್ಲಿ ಒಳ್ಳೆ ಎಲೆ ಇದ್ದರೆ ನನ್ನ ಹುಬ್ಬು ಏರುತ್ತಿತ್ತು, ನೀವು ಎಲೆ ಕೆಳಗಿಡುತ್ತಿದ್ದಿರಿ. ಆಟದ ನಡುವೆಯೂ ಹೆಂಡತಿಯನ್ನು ನೋಡುತ್ತಾರಲ್ಲ ಅಂತ ಉಬ್ಬಿ, ನಿಮ್ಮ ಲೋಟಕ್ಕೆ ಮಾತ್ರ ಇನ್ನೊಂದು ಚಮಚ ಸಕ್ಕರೆ ಹಾಕುತ್ತಿದ್ದವಳು ನಾನು.

ನನಗೂ ಆಟ ಕಲಿಸಿ ಅಂದ ದಿನ ಎಲ್ಲರೆದುರು, "ನಿನ್ನ ಮುಖದಲ್ಲಿ ಎಲ್ಲಾ ಕಂಡುಬಿಡುತ್ತೆ, ಒಂದೇ ಸುತ್ತಿಗೆ ಎದ್ದು ಹೋಗ್ತೀಯ" ಅಂದಿರಲ್ಲ, ನಿಮಗೆ ಅದು ಚೆನ್ನಾಗಿಯೇ ಗೊತ್ತಿತ್ತು. ಆವತ್ತು ಶುರುವಾದ ಮಾತೇ ಬೆಳೆದು ನಿಮ್ಮನ್ನು ಬಸ್ಸು ಹತ್ತಿಸಿದ್ದು.

ಸಿಟ್ಟು ನೆತ್ತಿಗೇರಿತು. ಸಿಟ್ಟು ಬಂದರೆ ನಾನು ಏನು ಮಾಡುತ್ತೇನೆ? ಕೆಲಸ ಮಾಡುತ್ತೇನೆ. ಕೈ ತಾನಾಗಿ ಮಿಷನ್ನಿನ ಕಡೆ ಹೋಯಿತು, ಡಬ್ಬಿಯಿಂದ ಗುಂಡುಸೂಜಿಗಳನ್ನು ತೆಗೆದು ತುಟಿ ನಡುವೆ ಕಚ್ಚಿಕೊಂಡೆ. ಬಟ್ಟೆಗೆ ಅಳತೆ ಗುರುತು ಮಾಡುವಾಗಿನ ಹಾಗೆ. ಬಾಯಲ್ಲಿ ಸೂಜಿ ಇದ್ದಾಗ ನಗುವಂತಿಲ್ಲ, ನಿಟ್ಟುಸಿರು ಬಿಡುವಂತಿಲ್ಲ, ತುಟಿ ಅಲುಗಿಸುವಂತಿಲ್ಲ. ನನ್ನ ಮುಖ ಗೋಡೆಯಾಯಿತು.

ಕಂಡಕ್ಟರ್ ಒಮ್ಮೆ ಇಣುಕಿದರು. ಇನ್ನೊಮ್ಮೆ ಇಣುಕಿದರು. "ಇದು ನಡೆಯುತ್ತೇನ್ರೀ?" ಅಂದರು. ಮೇಷ್ಟ್ರೇ ನನ್ನ ಪರ ನಿಂತು, "ನೀವು ಬಾಯಲ್ಲಿ ಎಲೆ ಅಡಿಕೆ ಇಟ್ಕೊಂಡಿಲ್ವೇನ್ರೀ?" ಅಂದರು.

ನಡುವೆ ಎರಡು ರಾಜ ಬಿದ್ದವು, ಜೊತೆಗೆ ಒಂಬತ್ತು, ನಾಲ್ಕು, ಎರಡು. ನನ್ನ ಕೈಯಲ್ಲಿದ್ದದ್ದು ಎಂಟು, ಐದು. ಅಂದರೆ ಏನೂ ಇಲ್ಲ. ಕಂಡಕ್ಟರ್ ಆಗಲೇ ತಮ್ಮ ಗುಂಡಿಗಳ ಮುಕ್ಕಾಲು ಪಾಲು ಒಳಗೆ ಹಾಕಿದ್ದರು. ನಾನು ಮೂರನೆಯ ರಾಜನನ್ನು ಕೈಯಲ್ಲಿಟ್ಟುಕೊಂಡವಳ ಹಾಗೆ ನನ್ನ ರಾಶಿಯನ್ನೆಲ್ಲ ಎರಡೂ ಕೈಯಲ್ಲಿ ತಳ್ಳಿದೆ. ಎದೆ ಹೊಲಿಗೆ ಮಿಷನ್ನಿನ ಹಾಗೆ ಓಡುತ್ತಿತ್ತು. ಮುಖದಲ್ಲಿ ಸೂಜಿ ಬಿಟ್ಟರೆ ಬೇರೇನೂ ಇಲ್ಲ. ಬಡಗಿ ಬೆರಳು ಕಚ್ಚಿ ನಿಂತಿದ್ದ. ಕಂಡಕ್ಟರ್ ನನ್ನನ್ನು ನೋಡಿದರು, ಎಲೆ ನೋಡಿದರು, ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು ಮತ್ತೆ ನೋಡಿದರು. ಆಮೇಲೆ ಮೆಲ್ಲಗೆ ಎಲೆ ಕೆಳಗಿಟ್ಟರು. ಅವರ ಹತ್ತಿರ ಎರಡು ರಾಣಿ ಇದ್ದವಂತೆ, ಬಿಡದೆ ಆಡಿದ್ದರೆ ಗೆಲುವು ಅವರದೇ.

ನಾನು ಸೂಜಿ ತೆಗೆದು ನನ್ನ ಎಂಟನ್ನೂ ಐದನ್ನೂ ತಿರುಗಿಸಿ ತೋರಿಸಿದೆ. ಅವರು ಆ ಎರಡು ಎಲೆಗಳನ್ನು ಎತ್ತಿ ನೋಡಿ, "ಇಷ್ಟು ವರ್ಷದ ನೌಕರೀಲಿ ಟಿಕೆಟ್ ಇಲ್ಲದವರನ್ನ ಅವರ ಊರಿನ ತನಕ ತಲುಪಿಸಿ ಕೈಹಿಡಿದು ಇಳಿಸಿದ್ದು ಇದೇ ಮೊದಲು" ಅಂದರು. ಮುಂದಿನ ಆಟಕ್ಕೇ ಅವರ ಉಳಿದ ಅಂಗಿ ಗುಂಡಿಗಳೂ ನನ್ನ ಕಡೆ ಬಂದವು.

ಮೇಜು ಇಲ್ಲೇ ಇದೆ. ನಾನು ಅದರ ಮೇಲೇ ಇದನ್ನು ಬರೆಯುತ್ತಿದ್ದೇನೆ. ಆದರೆ ಒಂದು ಮಾತು. ಈ ಕುರ್ಚಿ ಇನ್ನು ನನ್ನದು, ಕೇಳಿದರೂ ಕೊಡುವುದಿಲ್ಲ. ಟೀ ಬೇಕಾದವರು ತಾವೇ ಮಾಡಿಕೊಳ್ಳಬೇಕೆಂದು ನಿನ್ನೆಯೇ ತೀರ್ಮಾನವಾಗಿದೆ. ಔಷಧಿ ಅಂಗಡಿಯವರು ಮಾಡಿದ ಟೀ ಕುಡಿದು ಎಲ್ಲರೂ ಬದುಕಿದ್ದೇವೆ.

ಇಂತಿ,
ಮುಖದಲ್ಲಿ ಎಲ್ಲವೂ ಕಾಣುವ
ನಿಮ್ಮ ಟೈಲರಮ್ಮ

ಮರೆತ ವಿಷಯ: ಎಲ್ಲರೂ ಹೋದ ಮೇಲೆ ಬಡಗಿಯನ್ನು ನಿಲ್ಲಿಸಿ, ನೀವು ನನ್ನನ್ನು ನೋಡುತ್ತಿದ್ದದ್ದು ಎಲೆಗೋಸ್ಕರವೇ ಅಲ್ಲವಾ ಅಂತ ಕೇಳಿಬಿಟ್ಟೆ. ಅವನು ಚಪ್ಪಲಿ ಮೆಟ್ಟಿಕೊಳ್ಳುತ್ತ, "ಅದೇನೋ ಅತ್ತಿಗೆ, ಅಣ್ಣ ಎಲೆ ಹಂಚೋಕೆ ಮುಂಚೆಯಿಂದಲೇ ನೋಡ್ತಿದ್ದ. ಎಷ್ಟೋ ಸಲ 'ಹಂಚಪ್ಪಾ' ಅಂತ ನಾವೇ ಎಚ್ಚರಿಸ್ಬೇಕಾಗ್ತಿತ್ತು" ಅಂದ. ಅವನಿಗೆ ಇನ್ನೊಂದು ಕುರ್ಚಿ ಮಾಡಲು ಹೇಳಿದ್ದೇನೆ. ಅದನ್ನು ಎಲ್ಲಿ ಹಾಕೋದು ಅಂತ ಕೇಳಿದ. ನನ್ನ ಎದುರಿಗೆ ಹಾಕು ಅಂದೆ.