ಹೋಗಲು ಸಾಕು, ಬರಲು ಸಾಲದು

ಜನವರಿ 6
ಬೆಳಿಗ್ಗೆ ಎರಡು ಕನ್ನಡಕ ಮಾರಾಟವಾದವು. ಮಧ್ಯಾಹ್ನ ಅಂಗಡಿ ಖಾಲಿ. ಅಕ್ಕನ ಪ್ರಯಾಣದ ಲೆಕ್ಕ ಹಾಕಿದೆ. ದೂರ 7,400 ಕಿಲೋಮೀಟರ್. ವಿಮಾನದಲ್ಲಿ ಎಂಟು ಗಂಟೆ ನಲವತ್ತು ನಿಮಿಷ. ಅವಳ ಆಕ್ಸಿಜನ್ ಮಶೀನಿಗೆ ಆ ಹೊತ್ತಿನ ಒಂದೂವರೆ ಪಟ್ಟು ಬ್ಯಾಟರಿ ಇರಬೇಕಂತೆ, ವಿಮಾನ ಕಂಪನಿಯ ನಿಯಮ. ಅಂದರೆ ಹದಿಮೂರು ಗಂಟೆ. ನಮ್ಮ ಎರಡು ಬ್ಯಾಟರಿ ಸೇರಿ ಹದಿನಾಲ್ಕು. ಹೋಗಬಹುದು!

ಅಕ್ಕ ಮೂಗಿನ ನಳಿಕೆ ಸರಿಮಾಡಿಕೊಂಡು, “ಆ ಕಳ್ಳಿಗೆ ಫೋನ್ ಮಾಡು” ಎಂದಳು. ಕಳ್ಳಿ ಅಂದರೆ ಅವಳ ಹಳೆಯ ಗೆಳತಿ. ಮದುವೆಯಾಗಿ ಪೂರ್ವದ ಆ ದೂರದ ಊರು ಸೇರಿದವಳು. ಅಂದಿನಿಂದ ಇಬ್ಬರದೂ ಫೋನಿನಲ್ಲೇ ಚೆಸ್. ಒಮ್ಮೆ ಎದುರು ಕೂತು ಸೋಲಿಸಬೇಕೆಂದು ಅಕ್ಕನ ಹಟ.

ಜನವರಿ 9
ಟಿಕೆಟ್ ಆಫೀಸಿನಲ್ಲಿ ಮುಖಭಂಗ. “ಬರೋ ಲೆಕ್ಕ ಹಾಕಿಲ್ವಾ ಸಾರ್?” ಎಂದಳು ಹುಡುಗಿ. ಹೋದಷ್ಟೇ ಹೊತ್ತು ಅಂದುಕೊಂಡಿದ್ದೆ. ಅಲ್ಲ. ಮೇಲೆ ಪೂರ್ವಕ್ಕೆ ಬೀಸುವ ಜೋರು ಗಾಳಿ — ಹೋಗುವಾಗ ಬೆನ್ನಿಗೆ, ಬರುವಾಗ ಎದುರಿಗೆ. ಬರಲು ಹತ್ತೂವರೆ ಗಂಟೆ. ಬ್ಯಾಟರಿ ಹದಿನಾರರ ಹತ್ತಿರ ಬೇಕು. ಮಶೀನಿನ ಮಾಡೆಲ್ ಹಳೆಯದು, ಮೂರನೆಯ ಬ್ಯಾಟರಿ ಎಲ್ಲೂ ಸಿಗದು.

“ಹೋಗೋಕೆ ಸಾಲುತ್ತೆ ತಾನೇ?” ಎಂದಳು ಅಕ್ಕ, ಮನೆಗೆ ಬಂದು ಹೇಳಿದಾಗ.
“ಬರೋಕೆ?”
“ನಾನು ಹೋಗೋದನ್ನ ಕೇಳಿದೆ ಕಣೋ.”


ಜನವರಿ 10
ಬೇಸಿಗೆಯಲ್ಲಿ ಗಾಳಿ ಸಡಿಲವಂತೆ. ಕಾಯೋಣವೇ? ಡಾಕ್ಟರ್ ಬೇಡವೆಂದರು. ಅಷ್ಟರಲ್ಲಿ ಆಕ್ಸಿಜನ್ ಏರಿಸಬೇಕಾದೀತು, ಬ್ಯಾಟರಿ ಇನ್ನೂ ಬೇಗ ಮುಗಿದೀತು.

ಜನವರಿ 17
ಹದಿನಾಲ್ಕನ್ನು ಒಂದೂವರೆಯಿಂದ ಭಾಗಿಸಿದರೆ ಒಂಬತ್ತು ಗಂಟೆ ಇಪ್ಪತ್ತು ನಿಮಿಷ. ಗೆಳತಿಯ ಊರಿನಿಂದ ಅಷ್ಟರಲ್ಲಿ ಎಲ್ಲೆಲ್ಲಿಗೆ ಹೋಗಬಹುದು? ಭೂಪಟದ ಮೇಲೆ ಗೆರೆ ಎಳೆದೆ. ಗುಂಡಗೆ ಬರಲಿಲ್ಲ. ಪೂರ್ವಕ್ಕೆ ಉಬ್ಬು, ಪಶ್ಚಿಮಕ್ಕೆ ತಗ್ಗು — ಗಾಳಿ ಒತ್ತಿದ ಹಾಗೆ. ಗೆರೆಯಾಚೆ, ಬೆರಳಗಲದಷ್ಟು ದೂರದಲ್ಲಿ, ನಮ್ಮ ಮನೆ.

“ಆಲೂಗಡ್ಡೆ ಬರೆದಿದ್ದೀಯಾ?”
“ವಾಪಸ್ ಬರೋ ದಾರಿ ಅಕ್ಕ. ಮಧ್ಯದ ಈ ಊರಲ್ಲಿ ಒಂದಿನ ಇಳಿದು ಚಾರ್ಜ್ ಮಾಡ್ಕೊಂಡ್ರೆ ಆಯ್ತು.”
“ಯಾರು ಕೇಳಿದ್ರು ನಿನ್ನ?”
ಆದರೂ ಆ ಊರಿನ ಮೇಲೆ ಬೆರಳಿಟ್ಟಳು. “ಇಲ್ಲಿ ನೋಡೋಕೆ ಏನಿದೆ?” ಗೊತ್ತಿಲ್ಲ ಎಂದೆ.

ಫೆಬ್ರವರಿ 2, ವಿಮಾನದಲ್ಲಿ
ಪರದೆಯಲ್ಲಿ ವೇಗ 980. ಅದರಲ್ಲಿ ಗಾಳಿಯ ಪಾಲೆಷ್ಟೋ! ಅಕ್ಕ ನಿದ್ದೆಯಲ್ಲಿ. ಅವಳ ಚೀಲದಲ್ಲಿ ಬಟ್ಟೆ ಹತ್ತು ದಿನಕ್ಕಲ್ಲ, ವರ್ಷಕ್ಕಾಗುವಷ್ಟು. ಕೇಳಲಿಲ್ಲ.

ಫೆಬ್ರವರಿ 11
ಅಕ್ಕ ಇವತ್ತೂ ಸೋತಳು. ಒಂದಾಟವನ್ನೂ ಗೆದ್ದಿಲ್ಲ. ಅಡುಗೆಮನೆಯಲ್ಲಿ ಗೆಳತಿ ಮೆಲ್ಲಗೆ, “ಇಲ್ಲೇ ಇರ್ತೀನಿ ಅಂತಿದ್ಲು. ಇರಲಿ ಬಿಡಪ್ಪ” ಎಂದಳು. ನಾಳೆ ಬೆಳಿಗ್ಗೆ ಆ ಮಧ್ಯದ ಊರಿಗೆ ವಿಮಾನ. ನಾನೊಬ್ಬನೇ ಹೋಗಬೇಕೇನೋ.

ಫೆಬ್ರವರಿ 12, ಬೆಳಿಗ್ಗೆ 6
ಟ್ಯಾಕ್ಸಿ ಬಂದಿದೆ. ಎದ್ದು ನೋಡಿದರೆ ಅಕ್ಕ ಚೀಲದ ಜಿಪ್ ಎಳೆಯುತ್ತಿದ್ದಾಳೆ.

“ಸೋತು ಓಡ್ತಿದ್ದಾಳೆ ನೋಡು!” ಗೆಳತಿ ಬಾಗಿಲಲ್ಲಿ, ಕಣ್ಣು ಒರೆಸಿಕೊಳ್ಳುತ್ತ.
“ಫೋನಲ್ಲಿ ಸಿಗು, ನೋಡ್ಕೋತೀನಿ,” ಎಂದಳು ಅಕ್ಕ. ಆಮೇಲೆ ನನ್ನತ್ತ ವಾಲಿ, “ಎದುರಿಗೆ ಕೂತ್ರೆ ಅವಳ ಮುಖ ನೋಡ್ತಾ ಆಟಾನೇ ಮರೀತೀನಿ ಕಣೋ.”

ಬ್ಯಾಟರಿ ಎರಡೂ ಫುಲ್. ಮಶೀನು ಹೊರಲು ಕೈ ಚಾಚಿದೆ. ಕೊಡಲಿಲ್ಲ. ತಾನೇ ಹೆಗಲಿಗೇರಿಸಿಕೊಂಡು, ನನಗಿಂತ ಮುಂದೆ ಮೆಟ್ಟಿಲಿಳಿದಳು.