ಕೆಳಗಿನ ಹೊಲದ ಸೊಪ್ಪು

೧೪ ಜುಲೈ ೧೯೫೬, ಶನಿವಾರ. ಉಡಿಗಾಲ.

ಇವತ್ತು ಉಂಡ ಸೊಪ್ಪಿನ ಸಾರು ರುಚಿಸಲೇ ಇಲ್ಲ.

ಬೆಳಿಗ್ಗೆ ಕೆಳಗಿನ ಹೊಲದ ಚಿಕ್ಕಬಸಮ್ಮ ಮಡಿಲು ತುಂಬ ಕೀರೆಸೊಪ್ಪು ತಂದು ಜಗಲಿಯ ಮೇಲೆ ಸುರಿದಳು. “ಬುದ್ಧಿ, ಬದು ತಗ್ದು ನಿಮ್ ಗೊಬ್ರದ್ ಮಣ್ಣ ನಮ್ಮೊಲಕ್ಕೆ ಬುಟ್ರಲ್ಲ, ರಾಗಿ ಎಂಗ್ ಎದ್ದದೆ ಬಂದು ನೋಡಿ. ನಿಮ್ ಮಕ್ಳುಮರಿ ಚೆಂದಾಗಿರ್ಲಿ” ಎಂದಳು. ಅಲ್ಲೇ ಕೂತಿದ್ದ ನೆರೆಮನೆಯ ಸಿದ್ದಮಲ್ಲಪ್ಪ, “ದೊಡ್ಡ ಮನ್ಸು ಕಣಪ್ಪ ನಿಂದು” ಅಂದ. ನಾನು ಹೌದೆನ್ನುವ ಹಾಗೆ ತಲೆಯಾಡಿಸಿದೆ. ಥೂ!

ಬದು ಕೀಳಿಸಿದ್ದು ಅವಳಿಗಾಗಿಯೇ? ಹರವೆ ರಸ್ತೆಯಲ್ಲಿ ಹೋಗುವವರು ನಿಂತು ನನ್ನ ಉಳುಮೆ ನೋಡಲಿ ಎಂದು. ಮೇಲಿಂದ ಕೆಳಗಿನವರೆಗೆ ನೂಲು ಹಿಡಿದಂತೆ ಒಂದೇ ಸಾಲು ಬೇಕೆಂದು ಅಪ್ಪ ಕಟ್ಟಿದ್ದ ಬದುವನ್ನು ಅಗೆಸಿ ಹಾಕಿದೆ. ಬಿತ್ತನೆಗೆ ಮೊದಲೇ ಸುರಿದ ಮಳೆಗೆ ಆ ಸಾಲುಗಳೆಲ್ಲ ಕಾಲುವೆಯಾಗಿ, ಹಾಕಿದ್ದ ಗೊಬ್ಬರದ ಸಮೇತ ಮೇಲ್ಮಣ್ಣು ಅವಳ ಹೊಲಕ್ಕೆ ಇಳಿದುಹೋಯಿತು. ನನ್ನ ಹೊಲದಲ್ಲಿ ಈಗ ಪೈರಿಗಿಂತ ಕಲ್ಲೇ ಹೆಚ್ಚು ಕಾಣುತ್ತದೆ.

ಇದೆಲ್ಲ ಬಲ್ಲ ನನ್ನ ಹೆಂಡತಿ ಗುರುಮಲ್ಲಮ್ಮ ಜಗಲಿಯಿಂದ ಸೊಪ್ಪು ಬಾಚಿಕೊಂಡು ಒಳಗೆ ಹೋದಳು. ಊಟಕ್ಕೆ ಬಡಿಸುವಾಗ ಮಾತ್ರ, “ಇನ್ನೊಸಿ ಆಕ್ಸ್ಕೊಳಿ. ನಮ್ ಗೊಬ್ರದಲ್ಲೇ ಬೆಳ್ದಿರದು” ಎಂದಳು. ನಗಲಿಲ್ಲ. ನನ್ನ ಮುಖ ನೋಡಲಿಲ್ಲ.

ನಾಳೆಯೇ ಇಳಿಜಾರಿಗೆ ಅಡ್ಡಲಾಗಿ ಬದು ಕಟ್ಟಬೇಕು, ಇಲ್ಲದಿದ್ದರೆ ಮುಂದಿನ ಮಳೆಗೆ ಉಳಿದ ಮಣ್ಣೂ ಹೋಗುತ್ತದೆ. ಗುದ್ದಲಿ ತೆಗೆದಿಟ್ಟಿದ್ದೇನೆ. ಆದರೆ ಚಿಕ್ಕಬಸಮ್ಮ ಕೆಳಗೆ ಕಳೆ ಕೀಳುತ್ತಿರುತ್ತಾಳೆ. ತಲೆಯೆತ್ತಿ, “ಯಾಕ್ ಬುದ್ಧಿ, ನಮ್ಮಿಂದ ಏನಾರ ತಪ್ಪಾಯ್ತಾ?” ಎಂದು ಕೇಳಿದರೆ, ಬೆಳಿಗ್ಗೆ ಹೌದೆಂದು ತಲೆಯಾಡಿಸಿದವನು ಏನೆಂದು ಹೇಳಲಿ?